ನಾಣ್ಯದ ಮಾತು: ಬೆಳ್ಳಿಯ ತೂಕದ ಮೇಲೆ ಇನ್ನೆಷ್ಟು?

ಈ ಸಲ ಬಂದ ಪತ್ರಗಳಲ್ಲಿ ಬೆಳ್ಳಿ ನಾಣ್ಯದ್ದೇ ಜಾಸ್ತಿ. ಬೆಳ್ಳಿ ದರ ಏರಿದಾಗಲೆಲ್ಲ ಹೀಗಾಗುತ್ತದೆ. ಟ್ರಂಕಿನ ತಳದಲ್ಲಿ ಇದ್ದದ್ದು ಮೇಜಿನ ಮೇಲೆ ಬರುತ್ತದೆ. ಮೂವತ್ತು ವರ್ಷ ತಕ್ಕಡಿ ಮತ್ತು ಭೂತಗನ್ನಡಿ ಹಿಡಿದು ಕೂತವನು ನಾನು. ಈ ಪತ್ರಗಳನ್ನು ಓದುವಾಗ ನನಗೆ ಒಂದೇ ಭಯ: ಉತ್ತರ ಬರುವ ಮುಂಚೆ ಯಾರಾದರೂ ನಾಣ್ಯ ಉಜ್ಜಿಬಿಟ್ಟರೆ? ದಯವಿಟ್ಟು, ಪೂರ್ತಿ ಓದುವವರೆಗೆ ಬಟ್ಟೆ ಕೂಡ ತಾಗಿಸಬೇಡಿ.

ಪ್ರಶ್ನೆ: ನಮ್ಮ ದೊಡ್ಡಪ್ಪ ಹಡಗಿನಲ್ಲಿ ಕೆಲಸ ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಒಂದು ಮರದ ಡಬ್ಬಿ ಸಿಕ್ಕಿತು. ಅದರಲ್ಲಿ ಅಮೆರಿಕದ ಸಿಲ್ವರ್ ಈಗಲ್ ನಾಣ್ಯ 20 ಇವೆ. 1986ರಿಂದ 2005ರವರೆಗೆ ವರ್ಷಕ್ಕೊಂದು. ಎಲ್ಲದರ ಮೇಲೂ ಒಂದು ಡಾಲರ್ ಎಂದಿದೆ. ನೋಡಲು ಬಂದವರೊಬ್ಬರು "ಬೆಳ್ಳಿ ಅಂದ್ರೆ ಬೆಳ್ಳಿ, ತೂಕಕ್ಕೆ ತಗೋತೀನಿ" ಎಂದರು. ಇಂಟರ್‌ನೆಟ್‌ನಲ್ಲಿ ನೋಡಿದರೆ ಇದೇ ನಾಣ್ಯಕ್ಕೆ ಹತ್ತು ಪಟ್ಟು ಬೆಲೆ ಹಾಕಿದ್ದಾರೆ. ಯಾವುದನ್ನು ನಂಬಲಿ?

ಉತ್ತರ: ಎರಡನ್ನೂ ಬೇಡ. ತೂಕಕ್ಕೆ ತಗೋತೀನಿ ಎಂದವರು ಬೆಲೆಯ ಒಂದು ಪದರ ಮಾತ್ರ ಹೇಳಿದ್ದಾರೆ. ಇಂಟರ್‌ನೆಟ್‌ನಲ್ಲಿ ಹತ್ತು ಪಟ್ಟು ಹಾಕಿದವರು ತಮ್ಮ ಆಸೆ ಹೇಳಿದ್ದಾರೆ.

ಇಂಥ ನಾಣ್ಯದ ಬೆಲೆಯಲ್ಲಿ ಮೂರು ಪದರ ಇರುತ್ತವೆ. ತಳದಲ್ಲಿ ಬೆಳ್ಳಿಯ ಬೆಲೆ. ಅದರ ಮೇಲೆ, ಟಂಕಸಾಲೆ ಅಚ್ಚು ಹಾಕಿ ತೂಕಕ್ಕೂ ಶುದ್ಧತೆಗೂ ಜವಾಬ್ದಾರಿ ಹೊತ್ತದ್ದಕ್ಕೆ ಕೊಡುವ ಚೂರು ಹೆಚ್ಚಿಗೆ. ಇದನ್ನೇ ವ್ಯಾಪಾರದಲ್ಲಿ ಪ್ರೀಮಿಯಂ ಅನ್ನುವುದು. ಎಲ್ಲಕ್ಕಿಂತ ಮೇಲೆ, "ಈ ವರ್ಷದ್ದೇ, ಇಂಥ ಸ್ಥಿತಿಯದ್ದೇ ನನಗೆ ಬೇಕು" ಅನ್ನುವ ಸಂಗ್ರಹಕಾರ ಕೊಡುವ ಹಣ. ಮೊದಲ ಎರಡು ಪದರ ನಿಮ್ಮ ಇಪ್ಪತ್ತೂ ನಾಣ್ಯಕ್ಕೆ ಇದೆ. ಮೂರನೆಯದು ಕೆಲವಕ್ಕೆ ಮಾತ್ರ. ಆ ಕೆಲವು ಯಾವುವು ಅಂತ ಹುಡುಕುವುದೇ ನಮ್ಮ ಕೆಲಸ.

ತಳದಿಂದ ಶುರು ಮಾಡೋಣ. ಸಿಲ್ವರ್ ಈಗಲ್‌ನಲ್ಲಿ ಒಂದು ಟ್ರಾಯ್ ಔನ್ಸ್ ಬೆಳ್ಳಿ ಇದೆ, ಶುದ್ಧತೆ 999, ಅಂದರೆ ಸಾವಿರ ಪಾಲಿಗೆ 999 ಪಾಲು ಬೆಳ್ಳಿ. ಟ್ರಾಯ್ ಔನ್ಸ್ ಅಂದರೆ 31.1035 ಗ್ರಾಂ. ಮಾಮೂಲಿ ಔನ್ಸ್ 28.35 ಗ್ರಾಂ. ಇವೆರಡರ ಗೊಂದಲದಲ್ಲಿ ಎಷ್ಟೋ ಜನ ಕೈ ಸುಟ್ಟುಕೊಂಡಿದ್ದಾರೆ. ನಿಮ್ಮ 20 ನಾಣ್ಯಕ್ಕೆ 622 ಗ್ರಾಂ ಬೆಳ್ಳಿ. ಯಾರಾದರೂ ಮಾಮೂಲಿ ಔನ್ಸ್ ಲೆಕ್ಕ ಹಾಕಿದರೆ 567 ಗ್ರಾಂ ಆಗುತ್ತದೆ. 55 ಗ್ರಾಂ ಸುಮ್ನೆ ಹೋಯಿತು. ಅದಕ್ಕೇ ಔನ್ಸ್ ಮಾತೇ ಬೇಡ, ಗ್ರಾಂನಲ್ಲಿ ಮಾತಾಡಿ. ಆ ದಿನದ ಸ್ಪಾಟ್ ದರ, ಅಂದರೆ ಅಂತರರಾಷ್ಟ್ರೀಯ ಮಾರುಕಟ್ಟೆಯ ಆ ಹೊತ್ತಿನ ಬೆಳ್ಳಿ ದರವನ್ನು ಗ್ರಾಂಗೆ ಇಳಿಸಿ 622ರಿಂದ ಗುಣಿಸಿ. ಅದು ನಿಮ್ಮ ನೆಲ. ಅದಕ್ಕಿಂತ ಕೆಳಗೆ ಕೇಳಿದರೆ ಡಬ್ಬಿ ಮುಚ್ಚಿ.

ನಾಣ್ಯದ ಮೇಲಿನ ಒಂದು ಡಾಲರ್ ನೋಡಿ ಗಾಬರಿ ಬೇಡ. ಅದು ಕಾನೂನಿನ ಮುಖಬೆಲೆ ಅಷ್ಟೆ. ಕೆನಡಾದ ಮೇಪಲ್ ಲೀಫ್ ಮೇಲೆ 5 ಡಾಲರ್ ಇದೆ. ಆಸ್ಟ್ರಿಯಾದ ಫಿಲ್ಹಾರ್ಮೋನಿಕ್ ಮೇಲೆ ಒಂದೂವರೆ ಯೂರೋ. ಬ್ರಿಟನ್ನಿನ ಬ್ರಿಟಾನಿಯಾ ಮೇಲೆ 2 ಪೌಂಡ್. ಮೆಕ್ಸಿಕೋದ ಲಿಬರ್ಟಾಡ್ ಮೇಲೆ ಮುಖಬೆಲೆಯೇ ಇಲ್ಲ. ಒಳಗಿರುವ ಬೆಳ್ಳಿ ಎಲ್ಲದರಲ್ಲೂ ಒಂದೇ ಔನ್ಸ್. ಹಾಗಾಗಿ ಆ ಅಂಕಿಯಿಂದ ಬೆಲೆ ತಿಳಿಯುವುದಿಲ್ಲ.

ಈಗ ವರ್ಷಗಳಿಗೆ ಬರೋಣ. ನಿಮ್ಮ ದೊಡ್ಡಪ್ಪ ವರ್ಷಕ್ಕೊಂದರಂತೆ ಕೂಡಿಸಿದ್ದಾರಲ್ಲ, ಅದು ಸುಮ್ಮನೆ ಕೊಂಡದ್ದಲ್ಲ. ಮೊದಲ ವರ್ಷದಿಂದ ಬಿಡದೆ ಸಾಲು ಹಿಡಿದಿದ್ದಾರೆ. 1986 ಈ ಸರಣಿಯ ಮೊದಲ ವರ್ಷ, ಅದಕ್ಕೆ ಯಾವಾಗಲೂ ಕೇಳುವವರಿದ್ದಾರೆ. 1996ರದ್ದನ್ನು ಬೇರೆ ತೆಗೆದಿಡಿ. ಆ ವರ್ಷ ಅಚ್ಚಾದದ್ದು 36,03,386. ಈ ಸರಣಿಯ ಮಾಮೂಲಿ ಬುಲಿಯನ್ ನಾಣ್ಯಗಳಲ್ಲಿ, ಅಂದರೆ ಲೋಹದ ಬೆಲೆಗೆಂದೇ ಕೊಳ್ಳುವವುಗಳಲ್ಲಿ, ಅದೇ ಅತಿ ಕಡಿಮೆ. 2015ರಲ್ಲಿ ಇದೇ ನಾಣ್ಯ 4 ಕೋಟಿ 70 ಲಕ್ಷ ಅಚ್ಚಾಯಿತು. ಹೋಲಿಸಿ ನೋಡಿ.

ಇಲ್ಲಿ ಒಂದು ಮಾತು ಹೇಳಲೇಬೇಕು. 36 ಲಕ್ಷ ಅಂದರೆ ವಿರಳ ಅಲ್ಲ. ಊರೂರಿಗೆ ಹಂಚಿದರೂ ಮಿಗುತ್ತದೆ. ಆದರೂ ಅದಕ್ಕೆ ಹೆಚ್ಚು ಬೆಲೆ ಯಾಕೆ? ಈ ಸರಣಿಯನ್ನು ಪೂರ್ತಿ ಮಾಡಬೇಕು ಅಂತ ಹಠ ಹಿಡಿದವರು ಬಹಳ ಜನ, ಅವರಲ್ಲಿ ಪ್ರತಿಯೊಬ್ಬರಿಗೂ 1996ರದ್ದು ಒಂದು ಬೇಕೇ ಬೇಕು. ಕೇಳುವವರಿಲ್ಲದಿದ್ದರೆ ಬರೀ ಐದು ಸಾವಿರ ಅಚ್ಚಾದ ನಾಣ್ಯವೂ ತೂಕಕ್ಕೇ ಹೋಗುತ್ತದೆ. ಅಂಥವನ್ನು ನಾನೇ ಎಷ್ಟೋ ತೂಗಿದ್ದೇನೆ. ಎಷ್ಟು ಅಚ್ಚಾಯಿತು ಅನ್ನುವುದರ ಜೊತೆಗೆ ಎಷ್ಟು ಜನ ಹುಡುಕುತ್ತಿದ್ದಾರೆ ಅಂತಲೂ ಕೇಳಿ.

1995ರದ್ದನ್ನೂ ಒಮ್ಮೆ ನಿಧಾನವಾಗಿ ನೋಡಿ. ಮೈ ಕನ್ನಡಿಯಂತಿದ್ದು ಚಿತ್ರ ಮಾತ್ರ ಮಂಜು ಕವಿದ ಹಾಗೆ ಬೆಳ್ಳಗಿದ್ದರೆ ಅದು ಪ್ರೂಫ್. ಅಂದರೆ ಸಂಗ್ರಹಕ್ಕೆಂದೇ ವಿಶೇಷವಾಗಿ ಅಚ್ಚು ಹಾಕಿದ್ದು. ಹಾಗಿದ್ದರೆ ಹದ್ದಿನ ಬದಿ ತಿರುಗಿಸಿ ಟಂಕಸಾಲೆಯ ಪುಟ್ಟ ಅಕ್ಷರ ಹುಡುಕಿ. ಅದು 'ಡಬ್ಲ್ಯೂ' ಆಗಿದ್ದರೆ ಕೆಳಗಿಟ್ಟು, ಒಳ್ಳೆಯ ಪರಿಣತರನ್ನು ನೋಡುವವರೆಗೆ ಮುಟ್ಟಬೇಡಿ. ಆ ನಾಣ್ಯ ಬರೀ 30,125 ಇವೆ. ಸರಣಿಯ ಹತ್ತನೇ ವರ್ಷಕ್ಕೆ ನಾಲ್ಕು ಚಿನ್ನದ ನಾಣ್ಯಗಳ ಜೊತೆ ಸೇರಿಸಿ ಕೊಟ್ಟಿದ್ದರು, ಬಿಡಿಯಾಗಿ ಮಾರಲಿಲ್ಲ. ಚಿನ್ನ ಕೊಳ್ಳಲು ಆಗದವರಿಗೆ ಬೆಳ್ಳಿಯೂ ಸಿಗಲಿಲ್ಲ. ಅದಕ್ಕೇ ಅಷ್ಟು ಕಡಿಮೆ. ನಿಮ್ಮಲ್ಲಿರುವುದು ಮಾಮೂಲಿಯದೇ ಇರಬಹುದು, ಬುಲಿಯನ್ ನಾಣ್ಯದಲ್ಲಿ ಆ ಅಕ್ಷರ ಇರುವುದಿಲ್ಲ. ಆದರೂ ನೋಡದೆ ಬಿಡಬೇಡಿ.

ಇನ್ನು ಇಂಟರ್‌ನೆಟ್ ಬೆಲೆ. ಕೇಳುವ ಬೆಲೆಗೂ ಮಾರಿಹೋದ ಬೆಲೆಗೂ ಆಕಾಶ ಭೂಮಿ ಅಂತರ. ದೊಡ್ಡ ಹರಾಜು ಸಂಸ್ಥೆಗಳು, ಆನ್‌ಲೈನ್ ಮಾರಾಟದ ತಾಣಗಳು ಎರಡರಲ್ಲೂ ಮಾರಿಹೋದವನ್ನು ಮಾತ್ರ ತೋರಿಸು ಅನ್ನುವ ಅನುಕೂಲ ಇರುತ್ತದೆ. ಅದನ್ನು ಒತ್ತಿ. ಕಳೆದ ಕೆಲವು ತಿಂಗಳಲ್ಲಿ ಅದೇ ವರ್ಷದ, ಅದೇ ಸ್ಥಿತಿಯ ನಾಣ್ಯ ಎಷ್ಟಕ್ಕೆ ಹೋಯಿತು ಅಂತ ಒಂದು ಎಂಟು ಹತ್ತು ಮಾರಾಟ ಬರೆದುಕೊಳ್ಳಿ. ಅತಿ ಹೆಚ್ಚಿನದು, ಅತಿ ಕಡಿಮೆಯದು ಎರಡನ್ನೂ ಹೊಡೆದುಹಾಕಿ. ಉಳಿದವು ಎಲ್ಲಿ ಗುಂಪಾಗಿವೆಯೋ ಅದೇ ಇವತ್ತಿನ ಬೆಲೆ. ಆ ಮಾರಾಟಗಳ ದಿನದ ಬೆಳ್ಳಿ ದರವನ್ನೂ ಪಕ್ಕದಲ್ಲಿ ಬರೆಯಿರಿ. ಇಲ್ಲದಿದ್ದರೆ ಬೆಳ್ಳಿ ಏರಿದ್ದನ್ನು ನಾಣ್ಯ ಏರಿದೆ ಅಂದುಕೊಳ್ಳುತ್ತೀರಿ. ಹರಾಜಿನ ಬೆಲೆಯಲ್ಲಿ ಕಮಿಷನ್ ಸೇರಿರುತ್ತದೆ, ಮಾರುವವರ ಕೈಗೆ ಅಷ್ಟು ಬರುವುದಿಲ್ಲ. ವ್ಯಾಪಾರಿ ಕೊಡುವುದು ಇನ್ನೂ ಸ್ವಲ್ಪ ಕಡಿಮೆ, ಅವರಿಗೂ ಉಳಿಯಬೇಕು. ಅದು ಮೋಸ ಅಲ್ಲ. ಆದರೆ ಇಪ್ಪತ್ತನ್ನೂ ಒಂದೇ ತಕ್ಕಡಿಗೆ ಹಾಕುತ್ತೇನೆ ಅನ್ನುವವರಿಗೆ ಕೊಡಬೇಡಿ.

ನಾಣ್ಯಗಳನ್ನು ಇವತ್ತೇ ಆ ಮರದ ಡಬ್ಬಿಯಿಂದ ತೆಗೆದುಬಿಡಿ. ಕೆಲವು ಮರ ಆಮ್ಲದ ಆವಿ ಬಿಡುತ್ತವೆ. ಅಂಚು ಹಿಡಿದು ಎತ್ತಿ, ಒಂದೊಂದನ್ನೂ ಅದರ ಅಳತೆಯ ಗಟ್ಟಿ ಪ್ಲಾಸ್ಟಿಕ್ ಕ್ಯಾಪ್ಸೂಲ್‌ಗೆ ಹಾಕಿ. ಈಗಲ್‌ಗೆ 40.6 ಮಿಲಿಮೀಟರ್‌ದು ಕೇಳಿ.

ಪ್ರಶ್ನೆ: ನನ್ನ ಮೇಪಲ್ ಲೀಫ್ ನಾಣ್ಯಗಳ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ಚುಕ್ಕಿಗಳು ಬಂದಿವೆ. ಒಂದರ ಅಂಚಿನಲ್ಲಿ ಹಸಿರು ಜಿಡ್ಡು. ಇನ್ನೊಂದು ಕಂದು-ನೀಲಿಗೆ ತಿರುಗಿದೆ. ಮಾರುವ ಮುಂಚೆ ಟೂತ್‌ಪೇಸ್ಟ್‌ನಲ್ಲಿ ತೊಳೆದರೆ ಬೆಲೆ ಜಾಸ್ತಿ ಬರುತ್ತಾ?

ಉತ್ತರ: ಬೇಡಮ್ಮ, ದಯವಿಟ್ಟು ಬೇಡ.

ನನ್ನ ಮೇಜಿನ ಮೇಲೆ 1989ರ ಒಂದು ಚೀನಾ ಪಾಂಡಾ ಇದೆ. ನನಗೆ ಇಪ್ಪತ್ತಾರು ವರ್ಷ ಇದ್ದಾಗ ಸೋದರಮಾವ ಕೊಟ್ಟದ್ದು. ಸ್ವಲ್ಪ ಮಂಕಾಗಿತ್ತು. ಅವರು ಮನೆಗೆ ಬರುವ ಹಿಂದಿನ ರಾತ್ರಿ, ಹೊಳೆಯಲಿ ಅಂತ ಟೂತ್‌ಪೇಸ್ಟ್ ಹಚ್ಚಿ ಹಳೆಯ ಬನಿಯನ್ ಬಟ್ಟೆಯಲ್ಲಿ ಉಜ್ಜಿದೆ. ಹೊಳೆಯಿತು. ಮಾವ ಕೈಗೆ ತಗೊಂಡು ಕಿಟಕಿ ಬೆಳಕಿಗೆ ಓರೆ ಮಾಡಿದರು. ಏನೂ ಮಾತಾಡಲಿಲ್ಲ. ಭೂತಗನ್ನಡಿ ಕೊಟ್ಟು ನೋಡು ಅಂದರು. ಪಾಂಡಾದ ಸುತ್ತ ಕನ್ನಡಿಯಂತೆ ಇದ್ದ ಜಾಗದಲ್ಲಿ ಕೂದಲೆಳೆಯಂಥ ಗೀರುಗಳು. ನನ್ನ ಬೆರಳು ಸುತ್ತಿದ ದಿಕ್ಕಿಗೇ ಸುತ್ತು ಸುತ್ತಾಗಿ ಇದ್ದವು. ಬಿದಿರು ಎಲೆಯ ಸಂದಿಯಲ್ಲಿ ಪೇಸ್ಟ್ ಬಿಳಿಯಾಗಿ ಒಣಗಿ ಕೂತಿತ್ತು. ಆ ಗೀರು ಇವತ್ತಿಗೂ ಇವೆ. ನಾನು ಸಾಯುವವರೆಗೂ ಇರುತ್ತವೆ. ಬರೀ ಎರಡು ನಿಮಿಷದಲ್ಲಿ ಮೂರನೇ ಪದರ ಪೂರ್ತಿ ಹೋಯಿತು, ಉಳಿದದ್ದು ಬೆಳ್ಳಿ. ಬಂದವರಿಗೆಲ್ಲ ಅದನ್ನು ತೋರಿಸುತ್ತೇನೆ. ಇನ್ನೊಬ್ಬರ ನಾಣ್ಯ ಉಳಿದರೆ ಅಷ್ಟಾದರೂ ಆಯಿತು.

ಯಾಕೆ ಹೀಗೆ ಅಂದರೆ, ಅಚ್ಚು ಬಿದ್ದಾಗ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಆ ಹರಿವು ಮೈಮೇಲೆ ಕಣ್ಣಿಗೆ ಕಾಣದ ಸಾಲುಗಳನ್ನು ಬಿಡುತ್ತದೆ. ಹೊಸ ನಾಣ್ಯವನ್ನು ದೀಪದ ಕೆಳಗೆ ನಿಧಾನಕ್ಕೆ ಓಲಾಡಿಸಿ ನೋಡಿ, ಬೆಳಕು ಗಾಡಿ ಚಕ್ರದ ಕಡ್ಡಿಗಳ ಹಾಗೆ ಸುತ್ತುತ್ತದೆ. ಉಜ್ಜಿದ ನಾಣ್ಯದಲ್ಲಿ ಆ ಚಕ್ರ ತಿರುಗುವುದಿಲ್ಲ. ಎಲ್ಲ ಕಡೆಯೂ ಒಂದೇ ಥರ ಪಾತ್ರೆಯ ಹೊಳಪು. ನಾಲ್ಕು ನಾಣ್ಯ ನೋಡಿದವರಿಗೆ ಒಂದು ಕ್ಷಣದಲ್ಲಿ ಗೊತ್ತಾಗುತ್ತದೆ.

ನಿಮ್ಮ ಮೂರು ತೊಂದರೆಗಳೂ ಬೇರೆ ಬೇರೆ. ಬಿಳಿ ಚುಕ್ಕಿಗೆ ಸಂಗ್ರಹಕಾರರು ಹಾಲಿನ ಕಲೆ ಅಂತಲೇ ಅನ್ನುತ್ತಾರೆ. ಅಚ್ಚು ಹಾಕುವ ಮುಂಚೆ ಬೆಳ್ಳಿ ಬಿಲ್ಲೆಯನ್ನು ತೊಳೆದು ಕಾಯಿಸುತ್ತಾರೆ. ತೊಳೆದ ದ್ರಾವಣದ ಉಳಿಕೆ ಮೈಗೆ ಕಚ್ಚಿಕೊಂಡು, ಎಷ್ಟೋ ಕಾಲದ ಮೇಲೆ ಬೆಳ್ಳಗೆ ಏಳುತ್ತದೆ ಅನ್ನುವುದೇ ಬಲವಾದ ವಿವರಣೆ. ನೀವು ಇಟ್ಟುಕೊಂಡ ರೀತಿ ತಪ್ಪು ಅಂತಲ್ಲ. ಮೇಪಲ್ ಲೀಫ್‌ನಲ್ಲಿ ಈ ದೂರು ಎಷ್ಟಿತ್ತೆಂದರೆ, ಕೆನಡಾದ ಟಂಕಸಾಲೆ 2018ರಿಂದ ಮಿಂಟ್‌ಶೀಲ್ಡ್ ಎಂಬ ರಕ್ಷಣೆಯನ್ನೇ ತಂದಿತು. ಕಲೆ ಚರ್ಮದಲ್ಲೇ ಇರುವುದರಿಂದ ಉಜ್ಜಿದರೆ ಚರ್ಮ ಹೋಗುತ್ತದೆ. ಮಾಮೂಲಿ ವರ್ಷದ ಮೇಪಲ್ ಲೀಫ್ ಆದರೆ ಚಿಂತೆ ಬೇಡ, ಅದು ಹೇಗೂ ತೂಕ ಮತ್ತು ಪ್ರೀಮಿಯಂ ಮೇಲೇ ಹೋಗುವುದು. ಕಲೆಯಿಂದ ಕಳೆದುಕೊಳ್ಳುವುದು ಕಡಿಮೆ.

ಹಸಿರು ಜಿಡ್ಡು ಮಾತ್ರ ಅಪಾಯದ್ದು. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದೀರಿ ಅಲ್ವಾ? ಆ ಪ್ಲಾಸ್ಟಿಕ್ ಹಳೆಯದಾದಾಗ ಬಿಡುವ ವಸ್ತು ಅದು, ಬೆಳ್ಳಿಯನ್ನು ತಿನ್ನುತ್ತದೆ. ಇದೊಂದಕ್ಕೆ ಮಾತ್ರ ನಾನು ನಾಣ್ಯವನ್ನು ನೆನೆಸಲು ಹೇಳುತ್ತೇನೆ. ಗಾಜಿನ ಬಟ್ಟಲಲ್ಲಿ ಶುದ್ಧ ಅಸಿಟೋನ್ ಹಾಕಿ ನೆನೆಸಿ, ಇನ್ನೊಂದು ಬಟ್ಟಲಿನ ಹೊಸ ಅಸಿಟೋನ್‌ನಲ್ಲಿ ಅದ್ದಿ, ಗಾಳಿಗೆ ಆರಲು ಬಿಡಿ. ಉಗುರು ಬಣ್ಣ ತೆಗೆಯುವ ದ್ರಾವಣ ಬೇಡ, ಅದರಲ್ಲಿ ಬಣ್ಣ, ಎಣ್ಣೆ ಇರುತ್ತವೆ. ಕಿಟಕಿ ತೆಗೆದಿರಲಿ. ಹತ್ತಿರ ಬೆಂಕಿ ಬೇಡವೇ ಬೇಡ, ಅದರ ಆವಿಗೂ ಕಿಡಿ ಹತ್ತುತ್ತದೆ. ಬಟ್ಟೆ ಮುಟ್ಟಿಸಬೇಡಿ.

ಕಂದು-ನೀಲಿಯದ್ದು ಬೆಳ್ಳಿಗೆ ಗಾಳಿಯ ಗಂಧಕ ತಾಗಿ ಬಂದ ಬಣ್ಣ. ಅದನ್ನು ಹಾಗೇ ಬಿಡಿ. ಅಂಚಿನಿಂದ ಒಳಗೆ ಹದವಾಗಿ ಹರಡಿ, ಬಣ್ಣದ ಕೆಳಗೂ ಆ ಚಕ್ರದ ಹೊಳಪು ತಿರುಗುತ್ತಿದ್ದರೆ ಅದಕ್ಕೇ ಹೆಚ್ಚು ಕೊಡುವವರಿದ್ದಾರೆ.

ಪ್ರಶ್ನೆ: ನನ್ನಲ್ಲಿ 2005ರ ಬ್ರಿಟಾನಿಯಾ ಇದೆ. ತೂಗಿದರೆ 32.45 ಗ್ರಾಂ ಬರುತ್ತಿದೆ. 2017ರ ಪಾಂಡಾ ಬರೀ 30 ಗ್ರಾಂ. ಒಂದು ಔನ್ಸ್ ನಾಣ್ಯ ಅಂದರೆ 31.1 ಬರಬೇಕಲ್ಲ. ಎರಡೂ ನಕಲಿಯೇ?

ಉತ್ತರ: ತೂಕದ ಮಟ್ಟಿಗೆ ಎರಡೂ ಸರಿಯಾಗೇ ಇವೆ. 2012ರವರೆಗೆ ಬ್ರಿಟಾನಿಯಾವನ್ನು 958 ಶುದ್ಧತೆಯ ಬೆಳ್ಳಿಯಲ್ಲಿ ಮಾಡುತ್ತಿದ್ದರು. ಒಂದು ಔನ್ಸ್ ಶುದ್ಧ ಬೆಳ್ಳಿ ಒಳಗಿರಬೇಕು ಅಂತ ಒಟ್ಟು ತೂಕ ಜಾಸ್ತಿ ಇಟ್ಟರು. 2013ರಿಂದ 999 ಆಯಿತು, ತೂಕ ಇಳಿಯಿತು. ಪಾಂಡಾ 2016ರಲ್ಲಿ ಔನ್ಸ್ ಬಿಟ್ಟು 30 ಗ್ರಾಂಗೆ ಬಂತು. ಲೆಕ್ಕ ಹಾಕುವಾಗ ಬ್ರಿಟಾನಿಯಾಕ್ಕೆ 31.1, ಪಾಂಡಾಕ್ಕೆ 30 ಹಿಡಿಯಿರಿ. ಮೆಕ್ಸಿಕೋದ ಲಿಬರ್ಟಾಡ್ ಇಟ್ಟುಕೊಂಡವರಿಗೂ ಇದೇ ಮಾತು: 1996ರಲ್ಲಿ ಅದರ ಅಗಲ 36 ಮಿಲಿಮೀಟರಿನಿಂದ 40ಕ್ಕೆ ಹೋಯಿತು, ಹಳೆಯದು ಚಿಕ್ಕದಿದೆ ಅಂತ ಹೆದರಬೇಡಿ. ತೂಕ, ಅಳತೆ ಯಾವಾಗಲೂ ಆಯಾ ವರ್ಷದ್ದನ್ನೇ ನೋಡಬೇಕು.

ಪ್ರಶ್ನೆ: ಹಾಗಾದರೆ ನಕಲಿ ಗುರುತಿಸುವುದು ಹೇಗೆ? ಆಯಸ್ಕಾಂತ ಅಂಟದಿದ್ದರೆ ಅಸಲಿ ಅಂತ ಗೆಳೆಯ ಹೇಳುತ್ತಾನೆ.

ಉತ್ತರ: ತಾಮ್ರಕ್ಕೂ ಆಯಸ್ಕಾಂತ ಅಂಟುವುದಿಲ್ಲವಲ್ಲ ತಮ್ಮಾ. ಅಂಟಿದರೆ ಖಂಡಿತ ನಕಲಿ. ಅಂಟದಿದ್ದರೆ ಇನ್ನೂ ಏನೂ ತಿಳಿಯಲಿಲ್ಲ ಅಂತ ಅರ್ಥ.

ಮೂರು ಅಳತೆ ಒಟ್ಟಿಗೆ ತಗೊಳ್ಳಿ: ತೂಕ, ಅಗಲ, ದಪ್ಪ. ಈಗಲ್ ಆದರೆ 31.1 ಗ್ರಾಂ, 40.6 ಮಿಲಿಮೀಟರ್, 2.98 ಮಿಲಿಮೀಟರ್. ಬೆಳ್ಳಿ ಪಾಲಿಶ್ ಹಾಕಿದ ತಾಮ್ರದಲ್ಲಿ ಇವು ಮೂರೂ ಕೂಡಿ ಬರುವುದಿಲ್ಲ. ಅಳತೆ ಸರಿ ಮಾಡಿದರೆ ತೂಕ 26-27 ಗ್ರಾಂಗೆ ನಿಲ್ಲುತ್ತದೆ. ತೂಕ ಸರಿ ಮಾಡಿದರೆ ದಪ್ಪ ಏರುತ್ತದೆ.

ಇನ್ನೂ ಗಟ್ಟಿ ಪರೀಕ್ಷೆ ಬೇಕಾದರೆ ನೀರಲ್ಲಿ ತೂಗಬೇಕು. 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಸಾಕು. ಅದರ ಮೇಲೆ ಒಂದು ಲೋಟ ನೀರಿಟ್ಟು ಸೊನ್ನೆ ಮಾಡಿ. ನಾಣ್ಯವನ್ನು ತೆಳು ಹತ್ತಿ ದಾರದಲ್ಲಿ ಕಟ್ಟಿ ನೀರೊಳಗೆ ಇಳಿಬಿಡಿ. ತಳ ತಾಗಬಾರದು, ಗೋಡೆ ತಾಗಬಾರದು, ಮೈಗೆ ಗುಳ್ಳೆ ಅಂಟಿರಬಾರದು. ಕೈ ಅಲ್ಲಾಡದ ಹಾಗೆ ಹಿಡಿಯಿರಿ. ತಕ್ಕಡಿಯಲ್ಲಿ 2.96, 2.97 ಹತ್ತಿರ ಬರಬೇಕು. ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ ಅದು. 31.1ನ್ನು ಅದರಿಂದ ಭಾಗಿಸಿ. ಸುಮಾರು 10.5 ಬಂದರೆ ಬೆಳ್ಳಿಯ ಸಾಂದ್ರತೆ, ಲೆಕ್ಕ 10.49. ತಾಮ್ರ 9ಕ್ಕಿಂತ ಕೆಳಗೆ ನಿಲ್ಲುತ್ತದೆ, ಸೀಸ 11 ದಾಟುತ್ತದೆ. ಮೊದಲ ಸಲ ನಾನು ಇದನ್ನು ಮಾಡಿದಾಗ ಅಂಕಿ ನಿಂತದ್ದು ನೋಡಿ ಆದ ಸಂತೋಷ ಇನ್ನೂ ನೆನಪಿದೆ. ಒಂದು ಲೋಟ ನೀರು ಅಷ್ಟು ನಿಜ ಹೇಳಿತಲ್ಲ! ಪ್ರೂಫ್ ನಾಣ್ಯಕ್ಕೆ ಮಾತ್ರ ಈ ಪರೀಕ್ಷೆ ಮಾಡಬೇಡಿ, ದಾರದ ಗುರುತೂ ಅದಕ್ಕೆ ಹೆಚ್ಚು.

ಹೊಸ ನಾಣ್ಯಗಳಲ್ಲಿ ಟಂಕಸಾಲೆಯೇ ಗುರುತು ಇಟ್ಟಿದೆ. 2014ರಿಂದ ಮೇಪಲ್ ಲೀಫ್ ಹಿನ್ನೆಲೆಯಲ್ಲಿ ನಡುವಿನಿಂದ ಹೊರಟ ಸಣ್ಣ ಗೆರೆಗಳಿವೆ. ಎಲೆಯ ಪಕ್ಕದಲ್ಲಿ ಲೇಸರಿನಲ್ಲಿ ಕೊರೆದ ಪುಟಾಣಿ ಎಲೆ, ಅದರೊಳಗೆ ವರ್ಷದ ಕೊನೆಯ ಎರಡು ಅಂಕಿ. 2021ರ ನಡುವೆ ಈಗಲ್‌ನ ವಿನ್ಯಾಸ ಬದಲಾಯಿತು. ಆ ಹೊಸ ವಿನ್ಯಾಸದ ಅಂಚಿನ ಗೀಟುಗಳಲ್ಲಿ ಒಂದು ಕಡೆ ಗೀಟು ಹಾಕದೆ ಬಿಟ್ಟಿದ್ದಾರೆ. ಬೆರಳು ಅಂಚಲ್ಲೇ ಆಡಿಸಿ, ಸಿಗುತ್ತದೆ.

ಪ್ರಶ್ನೆ: ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿದ, ಎಂಎಸ್ 70 ಮತ್ತು ಫಸ್ಟ್ ಸ್ಟ್ರೈಕ್ ಎಂದು ಚೀಟಿ ಇರುವ ಈಗಲ್‌ಗೆ ಮಾಮೂಲಿಗಿಂತ ಬಹಳ ಜಾಸ್ತಿ ಕೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ನಾಣ್ಯಕ್ಕೆ ಎಷ್ಟು, ಚೀಟಿಗೆ ಎಷ್ಟು ಅಂತ ಬೇರೆ ಮಾಡಿ ನೋಡಿ.

ಎಂಎಸ್ ಅಂದರೆ ಮಿಂಟ್ ಸ್ಟೇಟ್, ಚಲಾವಣೆಯಲ್ಲಿ ಸವೆಯದ ನಾಣ್ಯ. 70 ಅನ್ನುವುದು ಅದರ ಸ್ಥಿತಿಗೆ ಕೊಟ್ಟ ಅಂಕ. ಈ 70 ಅಂಕದ ಪದ್ಧತಿಗೆ ಮೂಲ, ವಿಲಿಯಂ ಶೆಲ್ಡನ್ ಎಂಬ ನಾಣ್ಯ ತಜ್ಞ 1949ರಲ್ಲಿ ಅಮೆರಿಕದ ಹಳೆಯ ತಾಮ್ರದ ಸೆಂಟ್‌ಗಳಿಗೆ ಮಾಡಿದ್ದು. ಈಗ ಪಿಸಿಜಿಎಸ್, ಎನ್‌ಜಿಸಿ ಎಂಬ ಎರಡು ಕಂಪನಿಗಳು, 1986 ಮತ್ತು 1987ರಲ್ಲಿ ಶುರುವಾದವು, ಅದೇ ಅಂಕದಲ್ಲಿ ನಾಣ್ಯಗಳನ್ನು ನೋಡಿ ಮುಚ್ಚಿ ಕೊಡುತ್ತವೆ. 70 ಅಂದರೆ ಐದು ಪಟ್ಟು ದೊಡ್ಡದು ಮಾಡಿ ನೋಡಿದರೂ ಅಚ್ಚಾದ ಮೇಲಿನ ಕುಂದು ಕಾಣಬಾರದು. ಈ ಕೆಲಸಕ್ಕೆ ನನಗೆ ಗೌರವ ಇದೆ. ಹಳೆಯ ನಾಣ್ಯಕ್ಕೆ, ಬೆಲೆ ಬಾಳುವ ಪ್ರೂಫ್‌ಗೆ, ನಕಲಿಯ ಭಯ ಇರುವ ಪಾಂಡಾಕ್ಕೆ ಅದು ಬೇಕು. ಆದರೆ ಈಚಿನ ವರ್ಷಗಳ ಈಗಲ್ ಟಂಕಸಾಲೆಯಿಂದಲೇ ಬಹಳ ಚೆನ್ನಾಗಿ ಬರುತ್ತದೆ. 69, 70 ರಾಶಿ ರಾಶಿ ಇವೆ. ಎರಡು ಕಂಪನಿಗಳೂ ಯಾವ ಅಂಕ ಎಷ್ಟು ನಾಣ್ಯಕ್ಕೆ ಕೊಟ್ಟಿದ್ದೇವೆ ಅಂತ ಪಟ್ಟಿ ಇಟ್ಟಿರುತ್ತವೆ. ಕೊಳ್ಳುವ ಮುಂಚೆ ಅದನ್ನು ತೆಗೆದು ನೋಡಿ.

ಫಸ್ಟ್ ಸ್ಟ್ರೈಕ್ ಅಂದರೆ ಅಚ್ಚಿನಿಂದ ಮೊದಲು ಬಿದ್ದ ನಾಣ್ಯ ಅಂತ ಜನ ತಿಳಿಯುತ್ತಾರೆ. ಹಾಗಲ್ಲ. ಮಾರಾಟ ಶುರುವಾದ ಮೊದಲ ಮೂವತ್ತು ದಿನದಲ್ಲಿ ಬಂದದ್ದು ಅಂತ ಅಷ್ಟೆ. ಲಕ್ಷಗಟ್ಟಲೆ ಆ ಮೂವತ್ತು ದಿನದಲ್ಲಿ ಬರುತ್ತವೆ. ನನ್ನ ಕೈಯಿಂದಾದರೆ ಆ ಎರಡು ಪದಕ್ಕೆ ಹಣ ಹೋಗುವುದಿಲ್ಲ.

ಒಂದು ಉದಾಹರಣೆ ನನಗೆ ಯಾವಾಗಲೂ ಯೋಚನೆಗೆ ಹಚ್ಚುತ್ತದೆ. 2015ರ 4 ಕೋಟಿ 70 ಲಕ್ಷ ಈಗಲ್‌ಗಳಲ್ಲಿ 79,640 ಮಾತ್ರ ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ ಅಚ್ಚಾದವು. ಅವುಗಳ ಮೇಲೆ ಬೇರೆ ಗುರುತಿಲ್ಲ. ಭೂತಗನ್ನಡಿ ಹಿಡಿದರೂ ಉಳಿದವಕ್ಕೂ ಇವಕ್ಕೂ ವ್ಯತ್ಯಾಸ ಕಾಣದು. ಟಂಕಸಾಲೆಯ ಪೆಟ್ಟಿಗೆ ಒಡೆಯದೆ ಕಳಿಸಿದ್ದನ್ನು ನೋಡಿ ಗ್ರೇಡಿಂಗ್ ಕಂಪನಿ ಚೀಟಿ ಅಂಟಿಸಿತು. ಅದಕ್ಕೆ ದೊಡ್ಡ ಬೆಲೆ ಇದೆ. ಪ್ಲಾಸ್ಟಿಕ್ ಒಡೆದು ನಾಣ್ಯವನ್ನು ಹೊರಗೆ ತೆಗೆದರೆ, ಅದು ಕೋಟಿಗಳಲ್ಲಿ ಒಂದಾಗಿ ಹೋಗುತ್ತದೆ. ಅಂಥದ್ದನ್ನು ಕೊಳ್ಳುವುದು ತಪ್ಪಲ್ಲ. ಕೊಂಡದ್ದು ಚೀಟಿಯನ್ನು ಅಂತ ತಿಳಿದು ಕೊಳ್ಳಿ.

ಪ್ರಶ್ನೆ: ಬಣ್ಣ ಹಾಕಿದ, ಚಿನ್ನದ ಲೇಪ ಕೊಟ್ಟ ಬೆಳ್ಳಿ ನಾಣ್ಯಕ್ಕೆ ಬೆಲೆ ಜಾಸ್ತಿಯೇ?

ಉತ್ತರ: ಟಂಕಸಾಲೆಯೇ ಬಣ್ಣ ಹಾಕಿ ಹೊರಗೆ ತಂದಿದ್ದರೆ ಅದು ಬೇರೆ ಬಗೆಯ ನಾಣ್ಯ, ಅದರದ್ದೇ ಬೆಲೆ ಇರುತ್ತದೆ. ಹೊರಗಿನವರು ಆಮೇಲೆ ಹಾಕಿದ್ದರೆ ಸಂಗ್ರಹಕಾರರಿಗೆ ಅದು ಹಾನಿಯಾದ ನಾಣ್ಯ. ತೂಕಕ್ಕೆ ಹೋಗುತ್ತದೆ.

ಪ್ರಶ್ನೆ: ಅಪ್ಪ ಬಿಟ್ಟುಹೋದ ಬೆಳ್ಳಿ ನಾಣ್ಯಗಳನ್ನು ನಾನು ಮತ್ತು ನನ್ನ ತಮ್ಮ ಹಂಚಿಕೊಳ್ಳಬೇಕು. ಬ್ರಿಟನ್ನಿನ ಕ್ವೀನ್ಸ್ ಬೀಸ್ಟ್ಸ್ ಹತ್ತು ನಾಣ್ಯದ ಪೂರ್ತಿ ಸೆಟ್ ಇದೆ, ಜೊತೆಗೆ ಮಾಮೂಲಿ ಫಿಲ್ಹಾರ್ಮೋನಿಕ್ 40. ಅವನು ಐದೈದು ಪ್ರಾಣಿ ತಗೊಳ್ಳೋಣ ಅನ್ನುತ್ತಾನೆ. ನನಗೆ ಮನಸ್ಸಿಲ್ಲ. ಜಗಳ ಆಗದ ಹಾಗೆ ಬೆಲೆ ಕಟ್ಟುವುದು ಹೇಗೆ?

ಉತ್ತರ: ನಿಮ್ಮ ಮನಸ್ಸು ಹೇಳಿದ್ದೇ ಸರಿ ತಾಯಿ. ಸೆಟ್ ಒಡೆಯಬೇಡಿ. 1953ರ ಎಲಿಜಬೆತ್ ರಾಣಿಯ ಪಟ್ಟಾಭಿಷೇಕಕ್ಕೆ ಮಾಡಿದ ಹತ್ತು ಪ್ರಾಣಿಗಳ ಪ್ರತಿಮೆಗಳನ್ನು ನೋಡಿ ಮಾಡಿದ ಸರಣಿ ಅದು. ಬೆಳ್ಳಿಯದ್ದು ಒಂದೊಂದೂ ಎರಡು ಔನ್ಸ್. 2016ರ ಸಿಂಹದಿಂದ ಶುರುವಾಗಿ ಒಂದೊಂದಾಗಿ ಬಂದವು. ಕೊನೆಯ ಪ್ರಾಣಿ ಬಂದಾಗ ಎಷ್ಟೋ ಜನರಿಗೆ ಮೊದಲಿನವು ಇರಲಿಲ್ಲ. ಅಪ್ಪ ಐದು ವರ್ಷ ಕಾದು ಹತ್ತನ್ನೂ ಕೂಡಿಸಿದ್ದಾರೆ. ಐದು ಐದು ಮಾಡಿದರೆ ಇಬ್ಬರ ಹತ್ತಿರವೂ ಅರ್ಧ ಸೆಟ್ ಉಳಿಯುತ್ತದೆ. ಅರ್ಧ ಸೆಟ್‌ಗೆ ಅರ್ಧ ಬೆಲೆ ಬರುವುದಿಲ್ಲ.

ಮೊದಲು ಇಬ್ಬರೂ ಕೂತು ಒಂದು ದಿನಾಂಕ ಗೊತ್ತು ಮಾಡಿ. ಆ ದಿನದ ಬೆಳ್ಳಿ ದರವೇ ಲೆಕ್ಕ. ಮಾರನೇ ದಿನ ಏರಿತು, ಇಳಿಯಿತು ಅನ್ನುವ ಮಾತು ಬರಬಾರದು. 40 ಫಿಲ್ಹಾರ್ಮೋನಿಕ್ ಅಂದರೆ 1,244 ಗ್ರಾಂ. ಅವಕ್ಕೆ ವ್ಯಾಪಾರಿಗಳು ಆ ದಿನ ಕೊಳ್ಳುವ ಬೆಲೆ ಹಿಡಿಯಿರಿ, ಮಾರುವ ಬೆಲೆ ಅಲ್ಲ. ಸೆಟ್‌ನಲ್ಲಿ 20 ಔನ್ಸ್, 622 ಗ್ರಾಂ. ಅದಕ್ಕೆ ಪೂರ್ತಿ ಸೆಟ್ಟಾಗಿ ಮಾರಿಹೋದ ಬೆಲೆಗಳನ್ನೇ ಹುಡುಕಿ, ಬಿಡಿ ನಾಣ್ಯಗಳ ಬೆಲೆ ಕೂಡಿಸಬೇಡಿ. ಕಮಿಷನ್ ಕಳೆಯಿರಿ. ಈ ಹುಡುಕಾಟವನ್ನು ನೀವಿಬ್ಬರೂ ಬೇರೆ ಬೇರೆ ಮಾಡಿ, ಚೀಟಿಯಲ್ಲಿ ಬರೆದು, ಒಟ್ಟಿಗೆ ತೆರೆಯಿರಿ. ಎರಡರ ನಡುವಿನ ಅಂಕಿ ಹಿಡಿಯಿರಿ.

ಆಮೇಲೆ ತಮ್ಮನಿಗೆ ಹೇಳಿ: ಭಾಗ ನೀನು ಮಾಡು, ಆರಿಸುವುದು ನಾನು. ಸೆಟ್ ಒಂದು ಕಡೆ ಇಟ್ಟು, ಅದಕ್ಕೆ ಸಮ ಆಗುವಷ್ಟು ಫಿಲ್ಹಾರ್ಮೋನಿಕ್ ಇನ್ನೊಂದು ಕಡೆ ಇಡಲಿ, ಉಳಿದದ್ದನ್ನು ಸಮಪಾಲು ಮಾಡಲಿ. ಅವನು ಎಷ್ಟು ಪ್ರಾಮಾಣಿಕವಾಗಿ ತೂಗುತ್ತಾನೋ ಅವನಿಗೂ ಅಷ್ಟೇ ಒಳ್ಳೆಯದು. ನಿಮಗೆ ಬೇಕಾದದ್ದು ಪ್ರಾಣಿಗಳು, ಅವನಿಗೆ ಬೇಕಾದದ್ದು ಹಣ ಅಂತ ಪತ್ರದಲ್ಲೇ ಕಾಣುತ್ತಿದೆ. ಫಿಲ್ಹಾರ್ಮೋನಿಕ್ ಯಾವ ದಿನ ಬೇಕಾದರೂ ಬಿಡಿಬಿಡಿಯಾಗಿ ಮಾರಬಹುದು, ಅವನಿಗೆ ಅದೇ ಅನುಕೂಲ.

ಹಂಚುವ ಮುಂಚೆ ಎಲ್ಲದರ ಎರಡೂ ಬದಿಯ ಫೋಟೋ ತೆಗೆಯಿರಿ. ಅಪ್ಪ ಎಲ್ಲಾದರೂ ಕೊಂಡ ದಿನ, ಕೊಟ್ಟ ಹಣ ಬರೆದಿಟ್ಟ ಚೀಟಿ ಇದ್ದರೆ ಹುಡುಕಿ. ಹಾಗೆ ಕೂಡಿಸುವವರು ಸಾಮಾನ್ಯವಾಗಿ ಬರೆದಿಟ್ಟಿರುತ್ತಾರೆ. ಡಬ್ಬಿಯ ಮುಚ್ಚಳದ ಒಳಗೂ ನೋಡಿ.